ಮುಚ್ಚಳ

ಜಿಕೆವಿಕೆಯ ಹೊಂಗೆ ಸಾಲಿನ ಕೆಳಗೆ
ಹನ್ನೊಂದು ತುಡುವೆ ಪೆಟ್ಟಿಗೆ. ಒಂಬತ್ತನೆಯದು ನನ್ನದು.
ನನ್ನದೆಂದರೆ, ಎಣಿಸುವ ಕೆಲಸ ನನ್ನದು.
ತಲೆಗೆ ಬಲೆ, ಕೈಯಲ್ಲಿ ಸಣ್ಣ ಸೂಜಿ,
ಕಂಕುಳಲ್ಲಿ ಗೆರೆ ಹಾಕಿದ ನೋಟುಬುಕ್ಕು.

ಮೇಣದ ಮುಚ್ಚಳದಡಿ ಗುಲಾಬಿ ಕಣ್ಣಿನ ಮರಿ.
ನೂರನ್ನು ಚುಚ್ಚಿ ಕೊಲ್ಲಬೇಕು,
ನಾಳೆ ಇದೇ ಹೊತ್ತಿಗೆ ಬಂದು ನೋಡಬೇಕು
ಎಷ್ಟು ಹೆಣ ಹೊರಬಿದ್ದವು, ಎಷ್ಟು ಒಳಗೇ ಉಳಿದವು.
ಮೊದಲ ದಿನ ಕೈ ನಡುಗಿತ್ತು. ಈಗ ಇಲ್ಲ.
ಮೂವತ್ತಾರನೆಯದಕ್ಕೆ ಬಂದಾಗ ಒಮ್ಮೊಮ್ಮೆ
ಯಲಹಂಕದ ವಿಮಾನ ನೆತ್ತಿಯ ಮೇಲೆ ಗುಡುಗಿ ಹೋಗುತ್ತದೆ,
ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ.

ಇಂದುಧರ ಮೇಷ್ಟ್ರು ಟೀ ಲೋಟ ಕಲ್ಲಿನ ಮೇಲಿಟ್ಟು ಹೇಳಿದ್ದು:
ಸತ್ತದ್ದನ್ನು ಹೊರಹಾಕುವುದು ಒಂದು ಕೆಲಸವಲ್ಲ, ಎರಡು.
ಮುಚ್ಚಳ ಬಿಚ್ಚುವುದು.
ಎಳೆದು ತೆಗೆಯುವುದು.
ಹಿಂದೆ ಎರಡು ತಳಿ ಬೆರೆಸಿ ನೋಡಿದರಂತೆ.
ಕೆಲವು ಗೂಡಿನವು ಮುಚ್ಚಳ ಬಿಚ್ಚಿ ಸುಮ್ಮನೆ ಕೂತವು.
ಕೆಲವು ಬಿಚ್ಚಲೊಲ್ಲವು; ಯಾರಾದರೂ ಬಿಚ್ಚಿಕೊಟ್ಟರೆ
ಕಾಲು ಹಿಡಿದು ದರದರ ಎಳೆದು ಬಾಗಿಲಾಚೆ ಹಾಕಿದವು.
ಅದಕ್ಕೊಂದು ವಂಶವಾಹಿ, ಇದಕ್ಕೊಂದು, ಎಂದರು.
ಆಮೇಲೆ ಲೋಟದ ತಳ ನೋಡುತ್ತಾ:
ಅಷ್ಟು ಸರಳವಲ್ಲ ಅಂತ ಈಗ ಗೊತ್ತಾಗಿದೆ, ಹತ್ತಾರು ಇರಬಹುದು.
ನಾನು ಬರೆದುಕೊಂಡದ್ದು ಮೊದಲನೆಯದನ್ನೇ.

ಮತ್ತಿಕೆರೆಯಲ್ಲಿ ನಮ್ಮದು ಎರಡು ಕೋಣೆ, ಒಂದು ಬೀರು.
ಅಮ್ಮ ಹೋಗಿ ಏಳು ತಿಂಗಳು.
ಬೀರುವಿನ ಬಾಗಿಲು ತೆಗೆದವಳು ನಾನೇ.
ತೆಗೆದೆ, ಅಷ್ಟೆ.
ನುಸಿಗುಳಿಗೆಯ ವಾಸನೆ, ಗಾರ್ಮೆಂಟ್ಸಿನ ಗುರುತಿನ ಚೀಟಿ,
ಕಾಲರ್ ಸೆಕ್ಷನ್, ಲೈನು ನಾಲ್ಕು,
ಮಡಿಸಿಟ್ಟ ಹದಿನಾರು ಸೀರೆ.
ಕೈ ಮುಂದೆ ಹೋಗಲಿಲ್ಲ. ಅಂದಿನಿಂದ
ಬಾಗಿಲು ಬಾಯಿ ಬಿಟ್ಟುಕೊಂಡೇ ಇದೆ,
ರಾತ್ರಿ ಬಚ್ಚಲಿಗೆ ಹೋಗುವಾಗ ಮೊಣಕೈಗೆ ತಾಗುತ್ತದೆ.

ಅಕ್ಕ ಕಮಲಾಕ್ಷಿ ಭಾನುವಾರ ದಾಸರಹಳ್ಳಿಯಿಂದ ಬಂದಳು.
ನಾವು ಒಂದೇ ಹೊಟ್ಟೆ, ಅಪ್ಪ ಬೇರೆ.
ನೆಂಟರು ಇದನ್ನು ದನಿ ತಗ್ಗಿಸಿ ಹೇಳುತ್ತಾರೆ.
ನೊಣಗಳಲ್ಲಿ ಇದು ಸುದ್ದಿಯೇ ಅಲ್ಲ:
ರಾಣಿ ಎಳವೆಯಲ್ಲಿ ಒಂದೆರಡು ಮಧ್ಯಾಹ್ನ ಬಾನಿಗೇರಿ
ಹತ್ತಿಪ್ಪತ್ತು ಗಂಡುಗಳ ಕೂಡಿ ಬರುತ್ತಾಳೆ,
ಆಮೇಲೆ ಜನ್ಮವಿಡೀ ಅದೇ ಬಂಡವಾಳ.
ಗಂಡಿಗಂತೂ ತಂದೆಯೇ ಇಲ್ಲ, ತಾತ ಇದ್ದಾನೆ.
ಒಂದೇ ತಂದೆಯ ಅಕ್ಕತಂಗಿಯರು ಮುಕ್ಕಾಲು ಪಾಲು ಒಂದೇ.
ತಂದೆ ಬೇರೆಯಾದರೆ ಕಾಲು ಪಾಲು;
ಇದೊಂದರಲ್ಲಿ ಅವಕ್ಕೂ ನಮಗೂ ಒಂದೇ ಲೆಕ್ಕ.
ಕಾಲಿನವಳೂ ಮುಕ್ಕಾಲಿನವಳೂ ಒಂದೇ ಎರಿಯ ಮೇಲೆ
ತಮ್ಮದಲ್ಲದ ಮರಿಗೆ ಉಣಿಸುತ್ತಾ ನಿಂತಿರುತ್ತಾರೆ.
ಯಾವಳಾದರೂ ಕದ್ದು ತನ್ನದೊಂದು ಮೊಟ್ಟೆ ಇಟ್ಟರೆ
ಉಳಿದವರು ಮೂಸಿ, ತಿಂದುಹಾಕುತ್ತಾರೆ.
ಪ್ರೀತಿ ಅಂತ ಬರೆಯಹೋಗಿ
ಆ ಸಾಲು ಹೊಡೆದುಹಾಕಿದ್ದೇನೆ.

"ತುಪ್ಪ ತಂದಿಲ್ವೇನೇ?" ಅಂತ ಅಕ್ಕ.
ಅದು ಲೆಕ್ಕದ ಪೆಟ್ಟಿಗೆ, ತುಪ್ಪಕ್ಕಲ್ಲ, ಅಂದೆ.
ಬೀರು ನೋಡಿದಳು. ಸೆರಗು ಸಿಕ್ಕಿಸಿದಳು.
ಅರ್ಧ ಗಂಟೆ. ಎರಡು ಅಕ್ಕಿಚೀಲ.
ಕುಪ್ಪಸ, ಸೀರೆ, ಚೀಟಿ, ಹಲ್ಲುಸೆಟ್ಟಿನ ಡಬ್ಬಿ,
ಎಳೆದೆಳೆದು ಹೊಸ್ತಿಲಾಚೆ.
ಅವಳ ಕಣ್ಣು ಒಣಗಿತ್ತು, ಕೈ ನಿಲ್ಲಲಿಲ್ಲ.

ಇಷ್ಟು ಸಲೀಸಾದರೆ ಇಷ್ಟು ದಿನ ಯಾಕೆ ಬರಲಿಲ್ಲ, ಕೇಳಿದೆ.
ಗಂಟು ಬಿಗಿಯುತ್ತಲೇ ಹೇಳಿದಳು:
"ಬಂದಿದ್ದೆ, ಸಂಕ್ರಾಂತಿ ಆದ್ಮೇಲೆ. ನೀನು ಕೆಲ್ಸಕ್ಕೆ ಹೋಗಿದ್ದೆ.
ಕೀ ಪಕ್ಕದ ಮನೇಲಿ ಕೊಟ್ರು. ಕೈಯಲ್ಲೇ ಇತ್ತು.
ಬಾಗ್ಲು ತೆಗೆಯೋಕೆ ಆಗ್ಲಿಲ್ಲ ಕಣೇ.
ಮೆಟ್ಲ ಮೇಲೆ ಕೂತು, ವಾಪಸ್ ಕೊಟ್ಟು ಹೋದೆ."

ಸೋಮವಾರ, ಒಂಬತ್ತನೆಯ ಪೆಟ್ಟಿಗೆ.
ನೂರರಲ್ಲಿ ತೊಂಬತ್ತಮೂರು ಖಾಲಿ,
ಒಳಗೋಡೆ ನೆಕ್ಕಿ ಹೊಳೆಯಿಸಿದ್ದಾರೆ.
ಆರಕ್ಕೆ ಮುಚ್ಚಳ ಹಾಗೇ.
ಇನ್ನೊಂದರ ಅಂಚು ಕಡಿದು ಯಾರೋ ಇಣುಕಿದ್ದಾರೆ,
ಮರಿ ಬೆಳ್ಳಗೆ ಅಲ್ಲೇ ಮಲಗಿದೆ.
ಸೂಜಿಯ ತುದಿಯಿಂದ ತೆಗೆಯಬಹುದಿತ್ತು.
ಬಲೆ ಸರಿಸಿಕೊಂಡು ಬರೆದೆ:
ಬಿಚ್ಚಿದೆ. ತೆಗೆದಿಲ್ಲ.