ಕಿವಿ ಪರೀಕ್ಷೆಯ ಕೋಣೆ

ಡೋಂಬಿವಲಿಯಿಂದ ಎಂಟು ಹನ್ನೆರಡರ ಸ್ಲೋ.
ಲೇಡೀಸ್ ಡಬ್ಬಿಯಲ್ಲಿ ನಿಂತವಳು ಕೂತವಳನ್ನು ಕೇಳುವುದು
ಒಂದೇ ಶಬ್ದ: ‘ಕಹಾಂ?’
ನಾನು ‘ಮುಲುಂಡ್’ ಅನ್ನುತ್ತೇನೆ.
ಅಷ್ಟಕ್ಕೇ ಸೀಟು ಅವಳ ಹೆಸರಿಗೆ ಬರೆದಾಯಿತು;
ದಿವಾದಲ್ಲಿ ಹತ್ತಿದವಳು ಮತ್ತೆ ಕೇಳಿದರೆ
ಮೊದಲಿನವಳೇ ತಲೆಯಾಡಿಸುತ್ತಾಳೆ, ಮಾತಾಗಿದೆ ಅಂತ.
ಏನು ಮಾತು? ನಾನು ಆಡಿದ್ದು ಊರಿನ ಹೆಸರು.

ಮುಲುಂಡ್ ಪಶ್ಚಿಮಕ್ಕೆ, ಪೇಂಟ್ ಅಂಗಡಿಯ ಮೇಲೆ
ನಮ್ಮ ಡಾಕ್ಟರರ ಕಿವಿ-ಮೂಗು-ಗಂಟಲು.
ನನ್ನದು ಒಳಗಿನ ಕೋಣೆ. ಗೋಡೆಗೆ ಸ್ಪಂಜು, ನಡುವೆ ದಪ್ಪ ಗಾಜು,
ಆಚೆಗೆ ಕುರ್ಚಿ, ಹೆಡ್‌ಫೋನು, ಕೈಗೊಂದು ಬಟನ್ನು.
ಸಣ್ಣ ಸದ್ದು ಬಂದರೂ ಒತ್ತಿ ಅಂತ
ಮೂರು ಭಾಷೆಯಲ್ಲಿ ಹೇಳುತ್ತೇನೆ.
ಬಲಗಿವಿಗೆ ಕೆಂಪು ಗೆರೆ, ಎಡಕ್ಕೆ ನೀಲಿ.

ಮಂಗಳವಾರ ಪೆಡ್ನೇಕರ್ ಬಂದರು,
ಬಸ್ ಡಿಪೋದಲ್ಲಿ ಎಂಜಿನ್ನಿಗೆ ಕಿವಿಗೊಟ್ಟೇ
ಮೂವತ್ತು ವರ್ಷ ದುಡಿದವರು.
ನಾನು ಸದ್ದು ಬಿಡದಾಗಲೂ ಒತ್ತಿದರು.
ಆಮೇಲೆ ಹೊಳೆಯಿತು: ನನ್ನ ಮೊಣಕೈ ನೋಡುತ್ತಿದ್ದಾರೆ,
ಅದು ಅಲುಗಿದರೆ ಸದ್ದು ಬಂತೆಂದೇ ಲೆಕ್ಕ.
ಕುರ್ಚಿಯನ್ನು ಗೋಡೆಗೆ ತಿರುಗಿಸಿದೆ.
ಬಾವಿಯಲ್ಲಿ ಕೈಜಾರಿದ ಹಗ್ಗದ ಹಾಗೆ
ಕೆಂಪು ಗೆರೆ ಇಳಿಯಿತು.

ಹೆಂಡತಿ ಇಂದುತಾಯಿ ಒಳಬಂದಳು:
‘ನೋಡಿ, ಹದಿನೈದು ದಿನದಿಂದ ಹೇಳ್ತಿದ್ದೀನಿ
ಸಂಡಾಸಿನ ಬಲ್ಬು ಹೋಗಿದೆ ಅಂತ. ಇವರಿಗೆ ಕೇಳೋದೇ ಇಲ್ಲ.’
‘ಕೇಳಿತ್ತಲ್ಲ,’ ಅಂದರು ಮುದುಕ,
‘ಹೋಗಿದೆ ಅಂದಳು. ಹೌದು, ಹೋಗಿದೆ ಅಂದೆ.’
ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ.
ಕುರ್ಚಿಯ ತೋಳು ಹಿಡಿದು ಏಳುತ್ತಿದ್ದವರ
ನಡುಗುವ ಮೊಣಕಾಲನ್ನು ನೋಡುತ್ತಿದ್ದಳು,
ಬಹುಶಃ ಮನೆಯ ಎತ್ತರದ ಸ್ಟೂಲನ್ನೂ.
‘ವಾಚ್‌ಮನ್ನಿಗೆ ಹೇಳ್ತೀನಿ ಬಿಡಿ,’ ಅಂದಳು ಕೊನೆಗೆ,
ಬಲ್ಬಿನ ಹೆಸರೆತ್ತದೆ.
ಆಮೇಲೆ ನನ್ನ ಕಡೆ ತಿರುಗಿ,
‘ಮಶಿನ್ನು ಇವತ್ತೇ ತಗೋಬೇಕಾ?’
‘ಅವಸರ ಇಲ್ಲ ಮಾವಶಿ, ದೀಪಾವಳಿಗೆ ಕಂಪನಿಯವರು ಇಳಿಸ್ತಾರೆ.’
ಆಕೆ ಕೇಳಿದ್ದು ತಾರೀಖಲ್ಲ.
ನಾನು ಹೇಳಿದ್ದೂ ತಾರೀಖಲ್ಲ.

ಇಷ್ಟು ಬಲ್ಲವಳು ನಾನು.
ಜತ್ತದಿಂದ ತಂಗಿ ಕಸ್ತೂರವ್ವ ಒಂದು ರಾತ್ರಿ ಫೋನು ಮಾಡಿ
‘ಅಕ್ಕಾ, ನಿಮ್ಮಲ್ಲೆ ನಳಾ ಎಷ್ಟಕ್ಕ ಬರ್ತದ?’ ಅಂದಾಗ
‘ಐದೂವರಿಗೆ’ ಅಂದೆ.
‘ಅಡಿಗಿ ಮನ್ಯಾಗ ಫ್ಯಾನ್ ಐತೇನು?’
‘ಎಲ್ಲೀದು, ಭಾಳ ಧಗಿ’ ಅಂದೆ.
‘ಆತು ಬಿಡು’ ಅಂದಳು.
ಆಚೆ ಯಾರೋ ಬಾಗಿಲು ಬಡಿದ ಸದ್ದು.
ಎಷ್ಟು ಡೆಸಿಬೆಲ್ ಅಂತ ಈಗಲೂ ಹೇಳಬಲ್ಲೆ.

ನಮ್ಮ ಮಾತಿನಲ್ಲಿ ಬಾಯಿ ಮಾಡುವುದೂ ಕೇಳುವುದೇ,
ಕಿವಿ ಮಾಡುವುದೂ ಕೇಳುವುದೇ.
ಅವಳು ಕೇಳಿದಳು. ನನಗೂ ಕೇಳಿತ್ತು, ಒಂದಕ್ಷರ ಬಿಡದೆ.
ಧಗಿ ಅಂದದ್ದು ಧಗೆಯನ್ನೇ.
ಅವಳಿಗದು ಬರಬೇಡ ಅಂತ ಕೇಳಿಸಿತ್ತು.
ತಿಳಿದದ್ದು ಎರಡು ವರ್ಷ ಕಳೆದು,
ಸೋದರಮಾವನ ಮಗನ ಮದುವೆಯ ಪಂಕ್ತಿಯಲ್ಲಿ;
ನಗುತ್ತಲೇ ಅಂದಳು,
‘ನಿಮ್ಮ ಅಡಿಗಿ ಮನ್ಯಾಗ ಇನ್ನೂ ಧಗಿ ಐತೇನು?’
ಬಡಿಸುವವನು ಹೋಳಿಗೆಗೆ ತುಪ್ಪ ಸುರಿಯುತ್ತಿದ್ದ.
ಸಾಕು ಅನ್ನುವುದನ್ನು ಮರೆತೆ. ಎಲೆಯ ತುಂಬ ತುಪ್ಪ.
ಅವಳ ಮಣಿಕಟ್ಟಿನ ಕಲೆಯ ಬಗ್ಗೆ ನಾನು ಏನೂ ಅನ್ನಲಿಲ್ಲ;
ಅವಳು ಬಳೆ ಸರಿಸಿಕೊಂಡಳು.

ಹೋದ ತಿಂಗಳು ಫ್ಯಾನು ಹಾಕಿಸಿದೆ.
ಗೋಡೆಗೆ ಕೂರುವಂಥದ್ದು, ಒಲೆಯಿಂದ ದೂರ,
ಕೆಳಗೆ ಒಂದು ಹಾಸಿಗೆ ಹಿಡಿಯುತ್ತದೆ, ಕಾಲು ಸ್ವಲ್ಪ ಮಡಚಿದರೆ.
ಭಾನುವಾರ ಫೋನಿನಲ್ಲಿ ಅದೂ ಇದೂ ಮಾತಾಡಿ
‘ಅಡಿಗಿ ಮನ್ಯಾಗ ಫ್ಯಾನ್ ಹಾಕ್ಸೇವಿ’ ಅಂದೆ.
ಆ ಕಡೆ ಬಹಳ ಹೊತ್ತು ಏನೂ ಇಲ್ಲ.
ಲೈನು ಹೋಯಿತೇನೋ ಅಂದುಕೊಂಡೆ.
‘ಎಷ್ಟಾತು?’ ಅಂದಳು.

ಬಾ ಅನ್ನುವುದು ಒಂದೇ ಅಕ್ಷರ.
ಅದರ ಬದಲು ‘ಹದಿನೆಂಟು ನೂರು’ ಅಂದೆ,
ಆದಷ್ಟೂ ಮೆಲ್ಲಗೆ.