ಎಂಟು ಗಂಟೆಯ ಹಗ್ಗ

ಕಮಿಟಿ ಕೂತಿತ್ತು. ವಿಷಯ: ಯೌವನಸ್ಥರು ಎಲ್ಲಿ?
ನಾನು ಬಾಗಿಲ ಬಳಿ, ಬೀಗದಕೈ ಗೊಂಚಲು ಮಡಿಲಲ್ಲಿ.
ಚಹಾ ತಂದವನಿಗೆ ಮತವಿಲ್ಲ, ಕಿವಿಯಿದೆ.

ಕಾರ್ಯದರ್ಶಿ ಸಾಲಿನ್ಸರು ಓದಿದರು:
ಹತ್ತು ವರ್ಷದಲ್ಲಿ ದೃಢೀಕರಣ ಪಡೆದವರು ಎಂಬತ್ತಾರು,
ಈಗ ಬೆಂಚಿನಲ್ಲಿ ಸಿಗುವವರು ಒಂಬತ್ತು,
ಅದರಲ್ಲಿ ಇಬ್ಬರು ಅವರ ಮಕ್ಕಳೇ.
ಗಿಟಾರ್ ತರೋಣ ಅಂದರು. ಡ್ರಮ್ಸ್ ತಂದಿದ್ದೆವಲ್ಲ,
ಬೀರುವಿನ ಹಿಂದೆ ಅದರ ಸಂದಿಯಲ್ಲಿ ಬೆಕ್ಕು ಮರಿ ಹಾಕಿದೆ.
ದ್ವೀಪಕ್ಕೆ ಪಿಕ್‌ನಿಕ್ ಅಂದರು. ಹೋದ ಸಲ
ದೋಣಿ ತುಂಬ ಬಂದರು; ಮರುವಾರ ಬೆಂಚು ತುಂಬ ಗಾಳಿ.
ಮೊಬೈಲೇ ಸೈತಾನ ಎಂದರೊಬ್ಬರು,
ಆ ಕ್ಷಣವೇ ಅವರ ಕಿಸೆಯಲ್ಲಿ ಸೈತಾನ ಹಾಡತೊಡಗಿತು.
ಅಯ್ಯನವರು ಫ್ಯಾನು ನೋಡುತ್ತಿದ್ದರು.
ಪ್ರಾರ್ಥನೆಯಾಯಿತು. ಎರಡು ಬಿಸ್ಕತ್ತು ಉಳಿದವು.

ಆ ತಿಂಗಳೇ ನನ್ನ ಬಲಭುಜ ಕಳಚಿತು.
ಇನ್ನು ಹಗ್ಗ ಮುಟ್ಟಬೇಡ ಮಾರಾಯ, ಅಂದರು ಡಾಕ್ಟರು.
ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಶೈನಾ ಕರ್ಕಡ,
ದೃಢೀಕರಣದ ಬಿಳಿ ಸೀರೆ ಬಿಚ್ಚಿದ ಮೇಲೆ
ನಮ್ಮ ಗೇಟು ದಾಟದವಳು,
ಮಲ್ಪೆ ದಕ್ಕೆಯ ಹೋಟೆಲಲ್ಲಿ ಬನ್ಸ್ ತಿನ್ನುತ್ತಿದ್ದಳು. ಕೇಳಿಬಿಟ್ಟೆ:
ಭಾನುವಾರ ಗಂಟೆ ಹೊಡೆಯುತ್ತೀಯಾ?
"ಒಳಗೆ ಕೂರಬೇಕಾ?"
ಬೇಡ.
"ನಂಬಬೇಕಾ?"
ಹಗ್ಗವನ್ನು ನಂಬು. ಬಿಡಬೇಕಾದಾಗ ಬಿಡದಿದ್ದರೆ
ನಿನ್ನನ್ನೇ ಮೇಲಕ್ಕೆ ಎಳೆಯುತ್ತದೆ.

ಮೊದಲ ವಾರ ಹದಿಮೂರು ಬಡಿತ, ತಾಳವಿಲ್ಲ.
ಮರುವಾರ ಏಳು ನಿಮಿಷ ತಡ. ಸಾಲಿನ್ಸರು ವಾಚು ತೋರಿಸಿದರು.
"ಬೋಟೇ ತಡ ಬಂತು ಅಂಕಲ್, ಬಂಗುಡೆ ತೂಗಿಸದೆ ಬರಲಾ?"
ಅವರ ತೋಳು ಮುಟ್ಟಿ ಹೇಳಿದಳು.
ಕೋಟಿನ ಮೇಲೊಂದು ಮೀನಿನ ಹುರುಪೆ
ಪದಕದ ಹಾಗೆ ಕೂತಿತು. ನಾನು ಹೇಳಲಿಲ್ಲ.
ಇಡೀ ಆರಾಧನೆ ಅದನ್ನು ಧರಿಸಿಕೊಂಡೇ ಕಾಣಿಕೆ ಎತ್ತಿದರು.

ಈಗ ಹಗ್ಗದ ತುದಿಗೆ ಉಪ್ಪಿನ ವಾಸನೆ.
ಅವಳ ಜೊತೆ ಮೆಟ್ಟಿಲಲ್ಲಿ ಇನ್ನಿಬ್ಬರು ಕೂರುತ್ತಾರೆ,
ಒಬ್ಬನ ಹೆಸರು ನಮ್ಮ ರಿಜಿಸ್ಟರಿನಲ್ಲೇ ಇಲ್ಲ.
ಪ್ರಸಂಗ ಶುರುವಾದರೆ ಮೂವರೂ ಎದ್ದು ಹೋಗುತ್ತಾರೆ,
ಒಮ್ಮೊಮ್ಮೆ ಮರೆತು ಕೂತೇ ಇರುತ್ತಾರೆ.
ಇದನ್ನು ಬಂದರು ಎನ್ನುವುದೋ, ಹೋದರು ಎನ್ನುವುದೋ,
ವರದಿಯಲ್ಲಿ ಇದಕ್ಕೆ ಕಾಲಮ್ಮು ಇಲ್ಲ.

ಇವತ್ತು ಎಂಟಾಯಿತು. ಎಂಟೂ ಐದು.
ದಕ್ಕೆಯ ಕಡೆ ಇಂಜಿನುಗಳ ಸದ್ದು ನಿಂತಿಲ್ಲ.
ಸಾಲಿನ್ಸರು ನನ್ನ ಎಡಗೈಯನ್ನು ನೋಡುತ್ತಿದ್ದಾರೆ.
ಅದನ್ನು ಕಿಸೆಯೊಳಗೆ ಇಳಿಸಿ
ರಸ್ತೆ ನೋಡುತ್ತ ನಿಂತಿದ್ದೇನೆ.