ಎಷ್ಟರೊಳಗೆ

ಬೆಳಕಾಗಿ ಒಳಗೆ ಹೋದದ್ದು ಸದ್ದಾಗಿ ಹೊರಗೆ ಬರುತ್ತದೆ.
ಇಷ್ಟೇ ನಮ್ಮ ಕಸುಬು.
ಲೇಸರಿನ ಒಂದು ಚಿಟಿಕೆ; ನೆತ್ತರು ಬೆಚ್ಚಗಾಗಿ
ಇನಿತೇ ಉಬ್ಬಿ ‘ಹಾ’ ಎನ್ನುತ್ತದೆ,
ಮನುಷ್ಯರ ಕಿವಿಗೆ ನಿಲುಕದ ಹಾ.
ಬೋಗುಣಿಯ ಒಳಮೈಗೆ ಅಂಟಿ ಕೂತ ಇನ್ನೂರೈವತ್ತಾರು ಕಿವಿ
ಅದನ್ನು ಕೇಳಿಸಿಕೊಂಡು ನನಗೆ ಚಾಡಿ ಹೇಳುತ್ತವೆ.

ಚಾಡಿಯಿಂದ ಚಿತ್ರ ಕಟ್ಟುವವಳು ನಾನು, ಹೆಲ್ಲೆವಿ,
ಕುವೊಪಿಯೊ ಊರಿನ ಒಂದು ನೆಲಮಾಳಿಗೆಯಲ್ಲಿ.

ಬರ್ಚ್ ಎಲೆಯೊಂದರ ನರಗಳಿಗೆ ಕಪ್ಪು ಶಾಯಿ ಕುಡಿಸಿ
ಅಗರ್ ಲೋಳೆಯಲ್ಲಿ ಹೂತು ಬೋಗುಣಿಗಿಳಿಸಿದೆವು.
ತೆರೆಯ ಮೇಲೆ ಬಂದದ್ದು ಎಲೆ, ಜೊತೆಗೆ ಎಲೆಯ ದೆವ್ವ:
ಪ್ರತಿ ನರದ ಪಕ್ಕಕ್ಕೂ ಒಂದು ನೆರಳು-ನರ.
ತಯಾರಕರ ಕಾಗದದಲ್ಲಿ ಒಂದೊಂದು ಕಿವಿಯ ಜಾಗವೂ
ಮೂರು ದಶಮಾಂಶದವರೆಗೆ ಅಚ್ಚಾಗಿದೆ.
ಕಾಗದ ಸುಳ್ಳು. ಅಂಟು ಒಣಗುವಾಗ ಯಾವುದೋ ವಾಲಿದೆ,
ಯಾವುದೋ ಮಂದವಾಗಿದೆ. ಯಾವುದು?
ಬಿಚ್ಚಿ ನೋಡೋಣ ಎಂದ ಯಾಲ್ಮರಿ.
ಬಿಚ್ಚಿ ಕಟ್ಟಿದರೆ ಇನ್ನೊಂದು ವಾಲುತ್ತದೆ.

ಆ ಶನಿವಾರ ಸರೋವರದ ಮೇಲೆ
ಹಿಮಗಡ್ಡೆಗೆ ತೂತು ಕೊರೆದು ಗಾಳ ಬಿಟ್ಟು ಕೂತಿದ್ದ
ಸೋದರಮಾವ ಏಮೆಲಿ,
ಎಡಗಿವಿಯನ್ನು ಕಾಗದದ ಕಾರ್ಖಾನೆಗೆ ಕೊಟ್ಟು ಬಂದವನು.
ಎಲ್ಲೋ ಗಡ್ಡೆ ಸೀಳಿತು. ಬಲಕ್ಕೆ ತಿರುಗಿದ.
ತಡೆದ. ಆಮೇಲೆ ಎಡಕ್ಕೊಂದಿಷ್ಟು ಸರಿದ.
“ನಿನ್ನ ಕಿವಿ ಎಷ್ಟು ತಪ್ಪು ಹೇಳುತ್ತೆ, ಗೊತ್ತಾ ಮಾವ?”
“ಎಷ್ಟು ಅಂತ ಗೊತ್ತಿಲ್ಲ. ಎಷ್ಟರೊಳಗೆ ಅಂತ ಗೊತ್ತು.
ಅಷ್ಟೂ ಜಾಗ ಬಿಟ್ಟು ನಡೀತೀನಿ.”
ಎಂದವನೇ ಫ್ಲಾಸ್ಕಿನ ಮುಚ್ಚಳ ಹುಡುಕತೊಡಗಿದ.
ಅದರ ಮೇಲೇ ಕೂತಿದ್ದ.

ಸೋಮವಾರ ಸಮೀಕರಣದಲ್ಲಿ
ನನ್ನ ‘ಗೊತ್ತಿಲ್ಲ’ಕ್ಕೂ ಒಂದು ಮಣೆ ಹಾಕಿದೆ.
ಕಿವಿ ಇಲ್ಲೇ ಇದೆ ಎಂದು ಬರೆಯಲಿಲ್ಲ,
ಇಷ್ಟರೊಳಗೆ ಎಲ್ಲೋ ಇದ್ದೀತು ಎಂದು ಬರೆದೆ.
ಲೆಕ್ಕದಲ್ಲೇ ಸಾವಿರ ಸೊಟ್ಟ ಬೋಗುಣಿ ಕಟ್ಟಿ
ಸೊಟ್ಟಗಳು ಯಾವ ಕಡೆ ಎಳೆಯುತ್ತವೆಂದು ಅಳೆದೆ.

ದೆವ್ವ ಬಿಟ್ಟಿತು. ಎಲೆ ನಿಂತಿತು.
ಅಂಚಿನಲ್ಲಿ ಒಂದಿಷ್ಟು ಮಸುಕು; ಇರಲಿ,
ಅದು ನನಗೆ ತಿಳಿಯದ್ದರ ಬಣ್ಣ.
“ಹಳೆಯದೇ ಚೂಪಾಗಿತ್ತಲ್ಲ?” ಯಾಲ್ಮರಿಯ ಕೊಂಕು.
ಹೌದು, ಚೂಪಾದ ಸುಳ್ಳು.

ನಾಳೆ ಹನ್ನೊಂದಕ್ಕೆ ಮೊದಲ ಹೆಂಗಸು ಬರುತ್ತಾಳೆ.
ಎದೆಯಲ್ಲೊಂದು ಗಂಟಿದೆ. ಫೋನಿನಲ್ಲಿ ಕೇಳಿದ್ದು ಒಂದೇ:
ಬೋಗುಣಿಯ ನೀರು ಬೆಚ್ಚಗಿರುತ್ತದೆಯೇ?
ಮೂವತ್ತೆರಡು ಡಿಗ್ರಿ ಎಂದೆ.
ಆಮೇಲೆ, ಸುಳ್ಳೇಕೆ,
ಅರ್ಧ ಡಿಗ್ರಿ ಹೆಚ್ಚುಕಮ್ಮಿ ಎಂದು ಸೇರಿಸಿದೆ.